ಕೋಡಿ ನೋಡಿದ ಕಣ್ಣಿಗೆ ಹೆಬ್ಬೆ

ಅಂತರಘಟ್ಟೆಯಿಂದ ಅಜ್ಜಂಪುರ, ಕಡೂರುಗಳ ಕಡೆಗೆ ಹರಡಿರುವ ಬಯಲಿನಲ್ಲಿ ನೀರು ಬೀಳುವುದನ್ನು ನೋಡಲೆಂದೇ ಜನ ಹೊರಡುವ ರೂಢಿ ಪ್ರವಾಸೋದ್ಯಮಕ್ಕಿಂತ ಬಹಳ ಹಳೆಯದು; ಆದರೆ ಅವರು ಹೊರಡುತ್ತಿದ್ದುದು ಜಲಪಾತಕ್ಕಲ್ಲ, ಕೋಡಿಗೆ. ಕೆರೆ ತುಂಬಿದಾಗ ಏರಿ ಒಡೆಯದಂತೆ ಹೆಚ್ಚುವರಿ ನೀರು ಹೊರಬೀಳಲು ಬಿಟ್ಟ ಕಲ್ಲುಕಟ್ಟಿನ ತಗ್ಗಿಗೆ ಕೋಡಿ ಎನ್ನುತ್ತಾರೆ. ಅಯ್ಯನಕೆರೆ ಕೋಡಿ ಬಿತ್ತು, ಮದಗದ ಕೆರೆ ಕೋಡಿ ಬಿತ್ತು ಎಂಬ ಸುದ್ದಿ ಹಬ್ಬಿದರೆ ಸಾಕು, ಬುತ್ತಿ ಕಟ್ಟಿಕೊಂಡು ಮಕ್ಕಳುಮರಿ ಸಮೇತ ಹೊರಡುವವರಿದ್ದಾರೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಧಾನ್ಯಗಳನ್ನಿಟ್ಟು ಗಂಗೆಗೆ ಅರ್ಪಿಸುವ ಬಾಗಿನವೂ ಅಲ್ಲಿಯೇ ನಡೆಯುತ್ತದೆ.

ಈ ಕಣ್ಣನ್ನೇ ಹೊತ್ತು ಬಯಲಿನವರು ಮಲೆನಾಡಿನ ಜಲಪಾತಗಳಿಗೆ ಹೋಗುತ್ತಾರೆ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ಮೋಡಗಳು ಬಾಬಾಬುಡನ್‌ಗಿರಿ ಸಾಲಿಗೆ ತಡೆದು ಅಲ್ಲಿಯೇ ಸುರಿದುಬಿಡುವುದರಿಂದ ಬೆಟ್ಟದ ಪೂರ್ವಕ್ಕಿರುವ ಈ ಸೀಮೆ ಮಳೆನೆರಳಿನ ಪ್ರದೇಶವಾಗಿದೆ, ಎಂದರೆ ಮೋಡದ ಸಾಲು ಕಾಣಿಸಿದರೂ ಮಳೆ ತಲುಪದ ನೆಲ. ಅಂತರಘಟ್ಟಮ್ಮನ ಜಾತ್ರೆಗೆ ಧೂಳೆಬ್ಬಿಸಿಕೊಂಡು ಓಡುವ ಪಾನಕದ ಗಾಡಿಗಳನ್ನು ಕಂಡವರಿಗೆ, ಇಲ್ಲಿಂದ ಒಂದೆರಡು ಗಂಟೆಯ ದಾರಿಯಲ್ಲಿಯೇ ಬಂಡೆಗಳೆಲ್ಲ ಪಾಚಿಗಟ್ಟಿರುವ ಕಾಡಿದೆಯೆಂಬುದು ಸುಲಭವಾಗಿ ನಂಬುವ ಮಾತಲ್ಲ.

ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಹೋದರೆ ಮೊದಲು ಸಿಗುವುದು ಕಲ್ಲತ್ತಿಗಿರಿ. ಇಲ್ಲಿ ವೀರಭದ್ರನ ಗುಡಿಯ ಎದುರಿಗೇ ನೀರು ಬೀಳುವುದರಿಂದ ಸ್ನಾನ, ದರ್ಶನ, ವಿಹಾರ ಎಂಬ ಭೇದ ಉಳಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿಯೇ ಕೈಮುಗಿದ ಅಜ್ಜಿ ಮರುಕ್ಷಣ ಮೊಮ್ಮಗನನ್ನು ಹಿಡಿದೆಳೆದು ಧಾರೆಯ ಕೆಳಗೆ ನಿಲ್ಲಿಸುತ್ತಾಳೆ. ಆ ಗಲಾಟೆಯನ್ನು ಕಂಡು ಮುಖ ಸಿಂಡರಿಸುವ ನಿಸರ್ಗಪ್ರಿಯರೂ ಉಂಟು. ಆದರೆ ಜಲಪಾತವನ್ನು ಮೌನವಾಗಿಯೇ ನೋಡಬೇಕೆಂಬ ಕಟ್ಟಳೆಯನ್ನು ಈ ಸೀಮೆಯವರು ಎಂದೂ ಒಪ್ಪಿಕೊಂಡವರಲ್ಲ.

ಮೇಲಿನ ಕೆಮ್ಮಣ್ಣುಗುಂಡಿ ತೋಟಗಾರಿಕೆ ಇಲಾಖೆಯ ಗಿರಿಧಾಮ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಬೆಟ್ಟವೂ ಇದೇ. ಅಲ್ಲಿಂದ ಕಾಡಿನೊಳಕ್ಕೆ ಇಳಿದರೆ ಹೆಬ್ಬೆ. ಅರಣ್ಯ ಇಲಾಖೆಯ ಕಟ್ಟುಪಾಡಿಗೆ ಒಳಪಟ್ಟು ಜೀಪಿನಲ್ಲಿ ಕುಲುಕಿಕೊಂಡು ಹೋಗಿ, ಕೊನೆಯ ಹಾದಿಯನ್ನು ನಡೆದೇ ಮುಗಿಸಬೇಕು. ಮಳೆಗಾಲದಲ್ಲಿ ಆ ಹಾದಿಯ ಒಡೆಯ ಇಂಬಳ, ಅಂದರೆ ಒದ್ದೆ ತರಗೆಲೆಯ ಮೇಲೆ ತುದಿಯೆತ್ತಿ ಕಾದಿದ್ದು ಕಾಲಿಗೆ ಹತ್ತುವ ನೆಲದ ಜಿಗಣೆ. ಮಲೆನಾಡಿನವರು ಉಪ್ಪನ್ನೋ ಸುಣ್ಣವನ್ನೋ ಸವರಿ ಅದನ್ನು ಉದುರಿಸಿ ಮಾತು ಮುಂದುವರಿಸಿದರೆ, ಬಯಲಿನವರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಹೆಜ್ಜೆಹೆಜ್ಜೆಗೂ ಕಾಲ್ಬೆರಳ ಸಂದಿಯನ್ನೇ ನೋಡಿಕೊಳ್ಳುತ್ತ, ಹಸಿರನ್ನು ನೋಡುವುದನ್ನೇ ಮರೆಯುತ್ತಾರೆ.

ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂಬ ಎರಡು ಹಂತಗಳಲ್ಲಿ ಒಟ್ಟು ಸುಮಾರು 168 ಮೀಟರ್ ಇಳಿಯುವ ಈ ನೀರಿನ ಮುಂದೆ ನಿಂತಾಗ, ಕೋಡಿ ನೋಡಿ ಬೆಳೆದವರ ಬಾಯಲ್ಲಿ ಅಂದಕ್ಕೂ ಮೊದಲು ಬರುವ ಪ್ರಶ್ನೆ 'ಇದು ಎಲ್ಲಿಗೆ ಹೋಗುತ್ತೆ?' ಎಂಬುದು. ಇದನ್ನು ರಸಿಕತೆಯ ಕೊರತೆ ಎನ್ನುವುದು ಅನ್ಯಾಯ. ಕೊಳವೆಬಾವಿಯ ಆಳವನ್ನು ಅಡಿಲೆಕ್ಕದಲ್ಲಿ ಬಲ್ಲವರಿಗೆ ನೀರಿನ ಸೊಬಗು ಅದರ ದಾರಿಯಿಂದ ಬೇರೆಯಲ್ಲ.

ಆ ದಾರಿಯಾದರೂ ಸ್ವಾರಸ್ಯದ್ದೇ. ಹೆಬ್ಬೆಯ ನೀರು ಭದ್ರೆಗೆ ಸೇರಿ ಲಕ್ಕವಳ್ಳಿಯ ಅಣೆಕಟ್ಟೆಯ ಹಿಂದೆ ನಿಲ್ಲುತ್ತದೆ. 186 ಅಡಿ ತುಂಬಿದರೆ ಜಲಾಶಯ ಭರ್ತಿ. ಅಲ್ಲಿಂದ ಭದ್ರಾ ಮೇಲ್ದಂಡೆ ಯೋಜನೆಯ ಪಂಪುಗಳು ನೀರನ್ನು ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಬಯಲಿಗೆ ದಾಟಿಸುತ್ತವೆ. 2019ರಿಂದ ಈ ನೀರು ವೇದಾವತಿಯ ಪಾತ್ರ ಸೇರಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೂ ಹರಿದಿದೆ. ಆ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಭಾರಿ ಮಳೆಯ ಜೊತೆಗೆ ಭದ್ರೆಯ ಈ ಪಾಲೂ ಕೂಡಿಕೊಂಡಾಗ; ಆಗ ಅಲ್ಲಿ ಸೇರಿದ ಜನಜಂಗುಳಿ ಹೆಬ್ಬೆಯ ಜೀಪುಗಳಿಗೆ ಹಿಡಿಸುವಷ್ಟಿರಲಿಲ್ಲ.