ಅಂಬಾರಿಯ ಮೇಲಿನ ಬಿಸಿಲು
ಬನ್ನಿಮಂಟಪದ ಟಿಪ್ಪಣಿಗಳು

• ದಸರೆಯ ಜಂಬೂಸವಾರಿ ಬಂದು ಮುಗಿಯುವುದು ನಮ್ಮ ಬನ್ನಿಮಂಟಪದಲ್ಲಿ. ಅದರ ಚಿತ್ರಗಳಿರುವುದು ಐದು ಕಿಲೋಮೀಟರ್ ಆಚೆ, ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ. ಒಟ್ಟು 26 ತೈಲಚಿತ್ರಗಳು. ಬಂದವರು ಆನೆ, ಕುದುರೆ, ಮಹಾರಾಜರನ್ನು ಹುಡುಕುತ್ತಾರೆ. ನನಗೆ ಮಾತ್ರ ಇವು ಮೈಸೂರಿನ ಭೂದೃಶ್ಯಗಳಾಗಿಯೇ ಕಾಣುತ್ತವೆ. ಮೆರವಣಿಗೆ ಹೊರಟುಹೋದರೂ ಉಳಿಯುವ ರಸ್ತೆ, ಕಟ್ಟಡ, ಆಕಾಶದ ಮೇಲೇ ಕಣ್ಣು ನಿಲ್ಲುತ್ತದೆ.

• ಒಂದು ಸಂಗತಿ ಬಗೆಹರಿಯುತ್ತಿಲ್ಲ. 1934ರಿಂದ 1945ರವರೆಗೆ ನಡೆದ ಈ ಕೆಲಸಕ್ಕೆ ಆಧಾರ ಫೋಟೊಗಳು. ಆಗಿನ ಫೋಟೊ ಅಂದರೆ ಕಪ್ಪು ಬಿಳುಪು. ಅದರಲ್ಲಿ ಮುಖದ ಚಹರೆ ಸಿಗುತ್ತದೆ, ಪೇಟದ ಸುತ್ತು ಸಿಗುತ್ತದೆ, ಆನೆ ಕಾಲೆತ್ತಿದ ಬಗೆಯೂ ಸಿಗುತ್ತದೆ. ಸಂಜೆಯ ಬಣ್ಣ ಸಿಗುವುದಿಲ್ಲ. ಹಾಗಾದರೆ ಅದನ್ನು ಎಲ್ಲಿಂದ ತಂದರು?

• ವಿಜಯದಶಮಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಗಮನಿಸಿದ್ದು: ಮೆರವಣಿಗೆ ಉತ್ತರಕ್ಕೆ ಸಾಗುತ್ತದೆ, ಇಳಿಬಿಸಿಲು ಅದರ ಎಡಗಡೆಯಿಂದ ಬೀಳುತ್ತದೆ. ಎಡಸಾಲಿನ ಕಟ್ಟಡಗಳ ನೆರಳು ರಸ್ತೆಗೆ ಚಾಚಿ ಜನರ ತಲೆಗಳೂ ಕುದುರೆಗಳ ಬೆನ್ನೂ ಅದರೊಳಗೆ ಸೇರಿಹೋಗುತ್ತವೆ. ಅಂಬಾರಿ ಎತ್ತರದಲ್ಲಿದೆ. ತಗ್ಗಿನ ಕಟ್ಟಡ ಬಂದಾಗ, ಎರಡು ಕಟ್ಟಡಗಳ ನಡುವೆ ಸಂದಿ ಸಿಕ್ಕಾಗ, ಅದೊಂದಕ್ಕೇ ಬಿಸಿಲು ತಾಗುತ್ತದೆ. ಫೋಟೊದಲ್ಲಿ ಇದು ಬೂದು ಬಣ್ಣದ ಹೆಚ್ಚು ಕಡಿಮೆಯಷ್ಟೇ. ಬಣ್ಣವಾಗಿ ಬರಬೇಕಾದರೆ ಆ ರಸ್ತೆಯಲ್ಲಿ ನಿಂತು ನೋಡಿದ ಕಣ್ಣು ಬೇಕು. ಈ ಚಿತ್ರಗಳನ್ನು ಬರೆದ ಎಸ್.ಎನ್. ಸ್ವಾಮಿ, ವೈ. ಸುಬ್ರಹ್ಮಣ್ಯರಾಜು, ವೈ. ನಾಗರಾಜು, ಕೇಶವಯ್ಯ ಮೊದಲಾದವರು ಇಲ್ಲಿಯ ಕಲಾವಿದರೇ. ದಸರೆಯ ಸಂಜೆ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

• ತೈಲವರ್ಣವೇ ಏಕೆ? ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರದಲ್ಲಿ ಗೆಸ್ಸೊ ಎಂಬ ಲೇಪ ಹಚ್ಚಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ದೇವರ ಒಡವೆಗೆ, ಸಿಂಹಾಸನಕ್ಕೆ ಅದಕ್ಕಿಂತ ಒಪ್ಪುವ ವಿಧಾನವಿಲ್ಲ. ಧೂಳೆದ್ದ ಸಂಜೆಗೆ ಬೇಕಾದದ್ದು ಬೇರೆ. ತೈಲವರ್ಣದ ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗುವುದಿಲ್ಲ; ಗಾಳಿಯ ಆಮ್ಲಜನಕದೊಂದಿಗೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತದೆ. ದಿನಗಟ್ಟಲೆ ಹಸಿಯಾಗಿರುವ ಆ ಬಣ್ಣದಲ್ಲಿ ಹಳದಿಯನ್ನು ಬೂದುಬಣ್ಣದೊಳಕ್ಕೆ ಗೆರೆ ಕಾಣದಂತೆ ಕರಗಿಸಬಹುದು.

• 1940ರ ಮಾರ್ಚ್‌ನಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಅದೇ ವರ್ಷ ಆಗಸ್ಟ್ 3ರಂದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಹೋದರು. ಚಿತ್ರದ ಕೆಲಸ ಮತ್ತೆ ಐದು ವರ್ಷ ನಡೆಯಿತು. ಇಲ್ಲದ ದೊರೆಯ ವೈಭವಕ್ಕೆ ಬಣ್ಣ ಹಚ್ಚುವಾಗ ಆ ಕಲಾವಿದರ ಮನಸ್ಸಿನಲ್ಲಿ ಏನಿತ್ತು? ಈ ಪ್ರಶ್ನೆಯನ್ನು ಬರೆದಿಟ್ಟುಕೊಂಡಿದ್ದೇನೆ, ಉತ್ತರ ಹೊಳೆದಿಲ್ಲ.

• ಈಗ ಮಹಾರಾಜರ ಬದಲು ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿ ಬರುತ್ತಾಳೆ. ದಾರಿ ಬಹುಮಟ್ಟಿಗೆ ಅದೇ, ಬಿಸಿಲು ಬೀಳುವ ದಿಕ್ಕೂ ಅದೇ. ಆದರೆ ನೆರಳು ಕಟ್ಟಡಗಳ ಎತ್ತರವನ್ನು ನಂಬಿಕೊಂಡಿದೆ. ದೇವರಾಜ ಮಾರುಕಟ್ಟೆ ಆ ಎಡಸಾಲಿನಲ್ಲೇ ಇದೆ. ಅದು ತಗ್ಗಾಗಿರುವುದರಿಂದಲೇ ಅಲ್ಲಿ ಆಕಾಶ ಅಷ್ಟು ಅಗಲ. 2016ರಲ್ಲಿ ಅದರ ಒಂದು ಭಾಗ ಕುಸಿದ ಮೇಲೆ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಚರ್ಚೆ ಎದ್ದಿತು. ಕಲ್ಲು, ಗಾರೆ, ಮಳಿಗೆ, ಬಾಡಿಗೆ ಎಲ್ಲ ಆ ಮಾತಿನಲ್ಲಿ ಬರುತ್ತವೆ, ಬಿಸಿಲು ಮಾತ್ರ ಬರುವುದಿಲ್ಲ. ಆ ಜಾಗದಲ್ಲಿ ಎತ್ತರದ ಕಟ್ಟಡ ಎದ್ದರೆ ಅಲ್ಲಿ ಅಂಬಾರಿಗೆ ಸಂಜೆಯ ಬಿಸಿಲು ತಾಗುವುದಿಲ್ಲ. ಮೈಸೂರಿನ ಪರಂಪರೆಯ ಪಟ್ಟಿಯಲ್ಲಿ ಈ ಬಿಸಿಲಿಗೂ ಒಂದು ಸಾಲು ಇರಬೇಕು. ಮಾರುಕಟ್ಟೆಯ ಭವಿಷ್ಯ ತೀರ್ಮಾನಿಸುವವರು ಮೊದಲು ಕಲ್ಯಾಣಮಂಟಪಕ್ಕೆ ಹೋಗಿ, ಆ 26 ಚಿತ್ರಗಳಲ್ಲಿ ಆನೆಗಳನ್ನು ಬಿಟ್ಟು ಆಕಾಶವನ್ನು ನೋಡಿ ಬರಲಿ.