ನರಸಾಪುರಕ್ಕೆ ಬಂದ ಮುಧೋಳದ ನಾಯಿ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಹೊಸಕೋಟೆಯನ್ನು ದಾಟಿ ಪೂರ್ವಾಭಿಮುಖವಾಗಿ ಸಾಗಿದರೆ, ಕೋಲಾರವು ಇನ್ನೂ ಸುಮಾರು 15 ಕಿಲೋಮೀಟರು ದೂರವಿರುವಾಗಲೇ ನರಸಾಪುರವು ಸಿಕ್ಕುವುದು. ಸುತ್ತಲೂ ರಾಗಿಯ ಹೊಲಗಳು, ಹಿಪ್ಪುನೇರಳೆಯ ತೋಟಗಳು. ಮಗ್ಗುಲಲ್ಲಿಯೇ ಕೈಗಾರಿಕಾ ಪ್ರದೇಶ. 2013ರಲ್ಲಿ ಹೊಂಡಾ ಕಂಪೆನಿಯವರು ಇಲ್ಲಿ ದ್ವಿಚಕ್ರವಾಹನಗಳ ಕಾರ್ಖಾನೆಯನ್ನು ತೆರೆದರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕಾರ್ಯವು 2018ರಲ್ಲಿ ಮೊದಲಾಯಿತು; ನರಸಾಪುರದ ಕೆರೆಗೂ ಆ ನೀರು ಬಂದಿತು. ಪಟ್ಟಣವು ಬೇಡವೆಂದು ಬಿಟ್ಟ ನೀರು ಬಂದ ದಿಕ್ಕಿನಿಂದಲೇ ಪಟ್ಟಣಕ್ಕೆ ಬೇಡವಾದ ನಾಯಿಯೊಂದೂ ಈ ಊರಿಗೆ ಬಂದಿತು. ಅದರ ಜೊತೆಯಲ್ಲಿ ಪಯಣಮಾಡುವ ಯೋಗವು ನನ್ನದಾಯಿತು.

ಅದು ಮುಧೋಳದ ಬೇಟೆನಾಯಿ. ಉದ್ದನೆಯ ಮೋರೆ, ಆಳವಾದ ಎದೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ನೀಳವಾದ ಕಾಲುಗಳು. ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಅಟ್ಟಿಸಿಕೊಂಡು ಹೋಗುವುದೇ ಇದರ ಸ್ವಭಾವ. ಮುಧೋಳದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಭಾರತದ ಅಂಚೆಚೀಟಿಯಲ್ಲಿ ಇದರ ಚಿತ್ರವು ಮೂಡಿತು. 2016ರಲ್ಲಿ ಮೀರತ್ತಿನ ಸೇನಾ ಕೇಂದ್ರಕ್ಕೆ ಇದರ ಮರಿಗಳು ಹೋದವು. ಕೀರ್ತಿಯೇನೋ ಬೆಳೆಯಿತು. ಆದರೆ ಕೀರ್ತಿಯನ್ನು ಕೇಳಿ ಮರಿಯನ್ನು ಕೊಂಡವರೆಲ್ಲರ ಮನೆಯಲ್ಲಿಯೂ ಅದು ಓಡುವುದಕ್ಕೆ ಅಂಗಳವಿರುವುದೇ? ಮೂರನೆಯ ಮಹಡಿಯ ಮೊಗಸಾಲೆಯಲ್ಲಿ ಕಟ್ಟಿಹಾಕಿದ ಬೇಟೆನಾಯಿಯು ಬಾಗಿಲನ್ನು ಕೆರೆಯುವುದು, ಊಳಿಡುವುದು. ಕಡೆಗೊಂದು ದಿನ ಬೀದಿಯ ಪಾಲಾಗುವುದು.

ಇಂತಹವುಗಳಿಗೆ ಮನೆ ಹುಡುಕುವುದನ್ನೇ ವ್ರತವಾಗಿಸಿಕೊಂಡ ಇಬ್ಬರು ನನ್ನ ಸಂಗಡ ಇದ್ದರು. ಸಂಬಳವಿಲ್ಲ, ಗಾಡಿಯ ಖರ್ಚೂ ಕೈಯಿಂದಲೇ. ಆ ದಯೆಗಿಂತಲೂ ಅವರ ಕಟ್ಟುನಿಟ್ಟೇ ನನಗೆ ಹೆಚ್ಚಾಗಿ ಹಿಡಿಸಿತು. ಊರಿನಲ್ಲಿ ಮೊದಲು ಕಂಡ ಗೃಹಸ್ಥರು ನಾಯಿಯನ್ನು ನೋಡಿದೊಡನೆ ಕಣ್ಣರಳಿಸಿ, “ಮೊಲಕ್ಕೆ ಬಿಟ್ಟರೆ ಹೇಗೆ ಹೋಗುತ್ತೆ ಸ್ವಾಮಿ?” ಎಂದು ಕೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಪ್ರಕಾರ ಮೊಲದ ಬೇಟೆಯು ಅಪರಾಧವೆಂದು ಅವರಿಗೆ ವಿನಯದಿಂದಲೇ ತಿಳಿಸಿ, ಕಾಫಿಯನ್ನು ಕುಡಿದು, ನಾಯಿಯೊಡನೆ ಹೊರಟುಬಂದೆವು. ಮರಿಹಾಕಿಸಿ ಮಾರುವ ಆಸೆಯುಳ್ಳವರಿಗೂ ಇವರು ಕೊಡುವುದಿಲ್ಲ. ಸಂತಾನಹರಣದ ಶಸ್ತ್ರಚಿಕಿತ್ಸೆಯಾದ ಮೇಲೆಯೇ ನಾಯಿಯನ್ನು ಒಪ್ಪಿಸುವರು. ಅತ್ತ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರು ಈ ತಳಿಯನ್ನು ಉಳಿಸಲು ಮರಿಗಳನ್ನು ಬೆಳೆಸುತ್ತಿರುವಾಗ, ಇತ್ತ ಹೀಗೆ ಮಾಡುವುದು ವಿಪರೀತವೆಂದು ವಾಚಕರಿಗೆ ತೋರಬಹುದು. ನನಗೆ ಹಾಗೆ ತೋರಲಿಲ್ಲ. ತಳಿ ಉಳಿಯಬೇಕಾದರೆ ವಂಶವನ್ನು ತಿಳಿದು ಮರಿಮಾಡಿಸಬೇಕು. ಸಂತೆಯ ಸರಕಿನಂತೆ ಹೆಚ್ಚಿಸಿದರೆ ಬೀದಿಗೆ ಬೀಳುವವೂ ಹೆಚ್ಚುವುವು.

ಎರಡನೆಯ ಮನೆ ಊರಿನ ಅಂಚಿನಲ್ಲಿ, ಹೆದ್ದಾರಿಗೆ ದೂರವಾಗಿ, ಹಿಪ್ಪುನೇರಳೆಯ ತೋಟದ ನಡುವೆ ಇದ್ದಿತು. ಮನೆಯ ಮುದುಕಮ್ಮನವರು ನಾಯಿಯ ಪಕ್ಕೆಲುಬುಗಳನ್ನು ಕಂಡು, “ಅಯ್ಯೋ, ಪೇಟೆಯವರು ಇದಕ್ಕೆ ಹೊಟ್ಟೆಗೇ ಇಕ್ಕಲಿಲ್ಲವೇನಪ್ಪಾ?” ಎಂದು ಮರುಗಿದರು. ಈ ಜಾತಿಯ ಮೈಕಟ್ಟೇ ಹಾಗೆಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ನನ್ನ ಸಂಗಡಿಗರು ಬೇಲಿಯನ್ನು ಸುತ್ತಿ ನೋಡಿದರು, ಕೋಳಿಗಳನ್ನು ಗೂಡಿಗೆ ಸೇರಿಸಲು ಹೇಳಿದರು, ತೋಟದ ಸಂದು ಒಂದನ್ನು ಮುಳ್ಳಿನಿಂದ ಮುಚ್ಚಿಸಿದರು. ಓಡುವುದನ್ನು ಕಂಡರೆ ಬೆನ್ನಟ್ಟುವ ಪ್ರಾಣಿಗೆ ಬೇಲಿಯಿಲ್ಲದ ಕಡೆ ಹಗ್ಗವೇ ರಕ್ಷೆಯೆಂದು ಮನೆಯ ಹುಡುಗನಿಗೆ ಕಲಿಸಿದರು.

ಹದಿನೈದು ದಿನ ನೋಡುವುದೆಂದು ಮಾತಾಯಿತು. “ಹೊಂದದಿದ್ದರೆ ಬೀದಿಗೆ ಬಿಡಬೇಡಿ ಅಮ್ಮಾ, ನಮಗೆ ಹೇಳಿಕಳುಹಿಸಿ, ನಾವೇ ಬಂದು ಕರೆದೊಯ್ಯುವೆವು” ಎಂದು ಅವರು ಎರಡೆರಡು ಬಾರಿ ಹೇಳಿದರು. ಮುದುಕಮ್ಮನವರ ಗಮನವು ಅತ್ತ ಇರಲಿಲ್ಲ. ಪೇಟೆಯ ಹೆಸರು ಅವರ ನಾಲಗೆಗೆ ಹೊರಳದೆ, “ಕೆಂಚಾ” ಎಂದು ಕರೆಯುತ್ತ, ಹಾಲಿನಲ್ಲಿ ಮುದ್ದೆಯನ್ನು ಕಿವುಚುತ್ತಿದ್ದರು. ನಾಯಿಯು ಕಂಬದ ಮರೆಯಲ್ಲಿ ನಿಂತು ಒಂದು ಸಲ ನಮ್ಮ ಗಾಡಿಯನ್ನೂ ಒಂದು ಸಲ ಬಟ್ಟಲನ್ನೂ ನೋಡುತ್ತಿದ್ದಿತು.