ಪಡುವಣದ ಬಾಗಿಲಿಗೆ ದೋಣಿಯ ವಾರ್ನಿಷ್



ಬಯಲುಸೀಮೆಯ ಮೇಷ್ಟರಿಗೆ ದೋಣಿಯ ವಾರ್ನಿಷ್ ಏತಕ್ಕೆಂದು ನೀವು ನಗಬಹುದು. ನಮ್ಮ ಜಿಲ್ಲೆಯಲ್ಲಿ ದೋಣಿಯೆಂದರೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಹರಿಗೋಲು. 1933ರ ಬಳಿಕ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿಬಿದ್ದಾಗ ನೋಡಹೋದವರೆಲ್ಲ ಅದನ್ನು ಕಂಡಿರುತ್ತೀರಿ. ಬಿದಿರಿನ ಹೆಣಿಗೆ, ಹಿಂದೆ ತೊಗಲಿದ್ದ ಕಡೆ ಇಂದು ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಅದಕ್ಕೆ ವಾರ್ನಿಷಿನ ಹಂಗಿಲ್ಲ.

ಹಂಗಿರುವುದು ನಮ್ಮ ತಲೆಬಾಗಿಲಿಗೆ. ಹೊಳಲ್ಕೆರೆಯ ಹಳೆಯ ಮನೆಯನ್ನು ಕೆಡವಿದಾಗ ಅಜ್ಜ ಮಾಡಿಸಿದ್ದ ತೇಗದ ಬಾಗಿಲು ನನ್ನ ಪಾಲಿಗೆ ಬಂದಿತು. ಚಿತ್ರದುರ್ಗದ ಮನೆಯಲ್ಲಿ ಅದು ಪಡುವಣಕ್ಕೆ ಮುಖಮಾಡಿದೆ. ಎರಡೇ ಬೇಸಿಗೆಗೆ ಮರ ಬೂದಿಬಣ್ಣಕ್ಕೆ ತಿರುಗಿ ಸೀಳತೊಡಗಿತು. "ಕಬ್ಬಿಣದ್ದು ಹಾಕಿಸಿಬಿಡೋಣ, ಅಪ್ಪಾ" ಎಂದ ಮಗ. ಹೊಸದುರ್ಗದಿಂದ ಬಂದಿದ್ದ ಅಕ್ಕ ಆ ಹೊಸ್ತಿಲ ಮೇಲೆಯೇ ನಿಂತು ಮದುವಣಗಿತ್ತಿಯಾಗಿ ಹೊರಟವಳು. ಮಾತಾಡದೆ ಒಳಗೆ ನಡೆದಳು.

ನಮ್ಮ ಆಚಾರರು ಸೂಚಿಸಿದ್ದು ಸ್ಪಿರಿಟ್ ಪಾಲಿಶ್. ಅದು ಅರಗಿನದು, ನೀರು ತಾಗಿದರೆ ಬೆಳ್ಳಗಾಗುತ್ತದೆ. (ಚುನಾವಣೆಯ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆಯೂ 1937ರಲ್ಲಿ ಆರಂಭವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ!) ಹೊಂಗೆಯೆಣ್ಣೆಯೂ ಆಗದು, ಅದು ಒಣಗದೆ ಜಿಗುಟಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸೆಯೆಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಆದರೆ ಅದೊಂದೇ ಈ ಬಿಸಿಲಿಗೆ ಸಾಲದು.

ಮಲ್ಪೆಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಸಾರ್, ಸ್ಪಾರ್ ವಾರ್ನಿಷ್ ಕೇಳಿ" ಎಂದ. ಸ್ಪಾರ್ ಎಂದರೆ ಹಡಗಿನ ಹಾಯಿಕಂಬ. ಗಾಳಿಗೆ ಕಂಬ ಬಾಗುವಾಗ ಮೇಲಿನ ಲೇಪವೂ ಬಾಗಬೇಕು. ಆದ್ದರಿಂದ ಅದರಲ್ಲಿ ರಾಳಕ್ಕಿಂತ ಎಣ್ಣೆಯ ಪ್ರಮಾಣ ಹೆಚ್ಚು. ಒಳಾಂಗಣದ ವಾರ್ನಿಷ್ ಗಡುಸು. ಮರ ಹಿಗ್ಗಿ ಕುಗ್ಗಿದಾಗ ಅದು ಬಿರಿಯುತ್ತದೆ. ಇನ್ನೊಂದು ಮಾತು: ಪಾರದರ್ಶಕ ಲೇಪದೊಳಗಿಂದ ನೇರಳಾತೀತ ಕಿರಣಗಳು ನುಗ್ಗಿ ಮರದ ಲಿಗ್ನಿನ್ನನ್ನೇ ಕೆಡಿಸಿದರೆ, ಮೇಲಿನ ಪದರ ತಾನಾಗಿ ಸುಲಿಯುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಆ ಕಿರಣಗಳನ್ನು ತಡೆಯುವುದೆಂದು ಬರೆದಿದೆಯೇ ಎಂದು ನೋಡಿ ಕೊಳ್ಳಬೇಕು.

ಬೂದಿಬಣ್ಣವೆಲ್ಲ ಹೋಗುವವರೆಗೆ ಉಜ್ಜುಕಾಗದದಿಂದ ತಿಕ್ಕಿಸಿದೆ. ಮೊದಲ ಲೇಪಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ, ಆಮೇಲೆ ನಾಲ್ಕು, ನಡುನಡುವೆ ಹಗುರವಾಗಿ ಉಜ್ಜಿ. ಬಾಗಿಲನ್ನು ಕಳಚಿ ತಳದ ಅಂಚಿಗೂ ಹಚ್ಚಿಸಿದೆ. ಮರ ನೀರು ಕುಡಿಯುವುದು ಅಲ್ಲಿಂದಲೇ. ಆಚಾರರು "ಯಾರೂ ನೋಡದ ಜಾಗ, ಮೇಷ್ಟ್ರೇ" ಎಂದು ಗೊಣಗಿದರೂ ಹಚ್ಚಿದರು.

ಎರಡು ವರ್ಷವಾಯಿತು. ಸೀಳು ಬೆಳೆದಿಲ್ಲ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಕೆಳಹಲಗೆಯಲ್ಲಿ ಮಾತ್ರ ಹೊಳಪು ಮಾಸತೊಡಗಿದೆ. ಯುಗಾದಿಗೆ ಮೊದಲು ಇನ್ನೊಂದು ಲೇಪ ಕೊಡಿಸಬೇಕು, ಅಕ್ಕ ಆಗ ಬರುವವಳಿದ್ದಾಳೆ.